ಕಾಣದ ಕೊಳವೆಗಳೂ ಕಾಣದ ತಂತಿಗಳೂ

ಈ ಸ್ಮರಣ ಸಂಚಿಕೆಗಾಗಿ ನನ್ನ ಉದ್ಯೋಗವನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಸಂಪಾದಕಿಯವರು ಕೇಳಿಕೊಂಡಿರುತ್ತಾರೆ. ನನ್ನ ಉದ್ಯೋಗ ಯಾವುದೆಂದು ಕೇಳಿದವರಿಗೆ, "ಕಟ್ಟಡಗಳಲ್ಲಿ ನೀರು, ಗಾಳಿ, ವಿದ್ಯುಚ್ಛಕ್ತಿ ಇವು ಹರಿಯುವ ಏರ್ಪಾಡನ್ನು ಯೋಚಿಸಿ ನಕ್ಷೆ ಬರೆಯುವುದು" ಎಂದು ಉತ್ತರ ಕೊಡುವೆನು. ಇದನ್ನು ಕೇಳಿ ಅನೇಕರು, "ಅದಕ್ಕೆ ಇಂಜಿನಿಯರು ಬೇಕೇ? ನಲ್ಲಿಯವನೂ ತಂತಿಯವನೂ ಸಾಲದೇ?" ಎನ್ನುವುದುಂಟು. ಆ ಪ್ರಶ್ನೆಗೆ ಉತ್ತರವನ್ನು ಕೊಡುವುದೇ ಈ ಲೇಖನದ ಉದ್ದೇಶವಾಗಿರುತ್ತದೆ.

ಮೊದಲು ಒಂದು ಹಳೆಯ ನೆನಪನ್ನು ಹೇಳಬೇಕಾಗಿದೆ. ನಾವು ಬೋರ್ಡಿಂಗಿನಲ್ಲಿದ್ದಾಗ ಬೇಸಿಗೆಯ ರಜಾ ತೀರಿ ಹಿಂದಿರುಗಿದ ದಿನ, ಪೆಟ್ಟಿಗೆಗಳನ್ನು ಇಳಿಸುವುದಕ್ಕೆ ಮುಂಚೆಯೇ ನಮ್ಮ ಮೇಟ್ರನ್ ಅಮ್ಮನವರು ದೊಡ್ಡ ಹುಡುಗಿಯರನ್ನು ಕರೆದು, ಪ್ರತಿಯೊಂದು ಬಚ್ಚಲಿನ ರಂಧ್ರಕ್ಕೂ ಒಂದೊಂದು ಬಿಂದಿಗೆ ನೀರು ಹೊಯ್ಯಿಸುತ್ತಿದ್ದರು. ಎರಡು ತಿಂಗಳು ಬೀಗ ಹಾಕಿದ್ದ ಸ್ನಾನದ ಮನೆಗಳಲ್ಲಿ ಆಗ ಮೂಗು ಮುಚ್ಚಿಕೊಳ್ಳುವಷ್ಟು ದುರ್ಗಂಧವಿರುತ್ತಿತ್ತು. ನೀರು ಹೊಯ್ದ ಅರ್ಧ ಗಂಟೆಯೊಳಗೆ ಅದು ಮಾಯವಾಗುತ್ತಿತ್ತು. ಬಾಯಾರಿದ ಬಚ್ಚಲಿಗೆ ಅಮ್ಮನವರು ಪಾನಕ ಕೊಡುತ್ತಾರೆಂದು ನಾವು ಮರೆಯಲ್ಲಿ ನಗುತ್ತಿದ್ದೆವು. ಅವರು ಮಾಡುತ್ತಿದ್ದುದು ಪೂರ್ಣವಾಗಿ ಶಾಸ್ತ್ರೀಯವಾದ ಕಾರ್ಯವೆಂಬುದು ನನಗೆ ಅನೇಕ ವರ್ಷಗಳ ಮೇಲೆ ತಿಳಿಯಿತು.

ಅದು ಹೇಗೆಂದರೆ: ಬಚ್ಚಲಿನಿಂದಲೂ ಶೌಚಗೃಹದಿಂದಲೂ ಹೊರಟ ಕೊಳವೆಯು ನೆಟ್ಟಗೆ ಮೋರಿಗೆ ಹೋಗದೆ, ಮೊದಲು ಕೆಳಗೆ ಇಳಿದು, ಬಳಿಕ ಸ್ವಲ್ಪ ಮೇಲಕ್ಕೆ ಏರಿ, ಆ ಮೇಲೆ ಮುಂದೆ ಸಾಗುವುದು. ಈ ಬಾಗಿದ ಭಾಗಕ್ಕೆ ಟ್ರ್ಯಾಪ್ ಎಂದು ಹೆಸರು. ಲಂಡನ್ ನಗರದಲ್ಲಿ ಗಡಿಯಾರ ಮಾಡುವ ವೃತ್ತಿಯವನಾದ ಅಲೆಕ್ಸಾಂಡರ್ ಕಮಿಂಗ್ ಎಂಬಾತನು ೧೭೭೫ರಲ್ಲಿ ಇಂಥ ಬಾಗಿದ ಕೊಳವೆಯುಳ್ಳ ಶೌಚಪಾತ್ರೆಗೆ ಹಕ್ಕುಪತ್ರವನ್ನು ಪಡೆದನು. ಬಾಗಿದ ಭಾಗದಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುವುದು. ಸಾಮಾನ್ಯವಾಗಿ ಈ ನೀರಿನ ತಡೆ ೫೦ ಮಿಲಿಮೀಟರು, ಅಂದರೆ ಎರಡು ಅಂಗುಲ ಆಳವಿರಬೇಕೆಂಬುದು ನಿಯಮ. ಮೋರಿಯ ಕೆಟ್ಟ ಗಾಳಿಗೂ ನಾವು ಉಸಿರಾಡುವ ಗಾಳಿಗೂ ನಡುವೆ ಇರುವ ಬಾಗಿಲು ಈ ಎರಡು ಅಂಗುಲದ ನೀರೇ ಹೊರತು ಬೇರೆಯಲ್ಲ. ಬೇಸಿಗೆಯಲ್ಲಿ ಅದು ಆರಿಹೋದರೆ ಬಾಗಿಲು ತೆರೆದಂತೆಯೇ ಸರಿ.

ಇದು ಬರಿಯ ದುರ್ಗಂಧದ ಮಾತೆಂದು ಯಾರೂ ಎಣಿಸಬಾರದು. ೨೦೦೩ರಲ್ಲಿ ಸಾರ್ಸ್ ಎಂಬ ಶ್ವಾಸಕೋಶದ ವ್ಯಾಧಿಯು ಹಬ್ಬಿದಾಗ, ಹಾಂಗ್‌ಕಾಂಗ್ ನಗರದ ಅಮೋಯ್ ಗಾರ್ಡನ್ಸ್ ಎಂಬ ಎತ್ತರವಾದ ವಸತಿಗೃಹಗಳಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿಗೆ ಆ ರೋಗವು ತಗಲಿತು. ತಜ್ಞರು ವಿಚಾರಣೆ ನಡೆಸಿ, ಸ್ನಾನದ ಮನೆಗಳ ನೆಲದ ಟ್ರ್ಯಾಪುಗಳು ಒಣಗಿದ್ದುದನ್ನೂ, ಗಾಳಿಯನ್ನು ಹೊರಕ್ಕೆ ತಳ್ಳುವ ಪಂಕಗಳು ಮೋರಿಯ ಗಾಳಿಯನ್ನು ಒಳಕ್ಕೆ ಎಳೆದುಕೊಂಡುದನ್ನೂ ಕಾರಣಗಳಲ್ಲಿ ಮುಖ್ಯವಾದವೆಂದು ಎತ್ತಿ ತೋರಿಸಿದರು. ನಮ್ಮ ಮೇಟ್ರನ್ ಅಮ್ಮನವರ ಒಂದು ಬಿಂದಿಗೆ ನೀರಿನ ಬೆಲೆ ಎಷ್ಟೆಂಬುದನ್ನು ಇದರಿಂದ ಊಹಿಸಬಹುದು.

ಕಟ್ಟಡದ ಇಟ್ಟಿಗೆ, ಕಲ್ಲು, ಉಕ್ಕುಗಳು ಶರೀರದ ಎಲುಬು ಮಾಂಸಗಳಿದ್ದಂತೆ. ನೀರಿನ ಕೊಳವೆ, ಗಾಳಿಯ ದಾರಿ, ವಿದ್ಯುತ್ತಿನ ತಂತಿಗಳು ರಕ್ತನಾಳ, ಶ್ವಾಸನಾಳ, ನರಗಳಿದ್ದಂತೆ. ಪೂರ್ವಕಾಲದ ಮನೆಗಳಲ್ಲಿ ಇವು ಇರಲಿಲ್ಲ. ಬಾವಿಯು ಹಿತ್ತಲಲ್ಲಿತ್ತು, ದೀಪವು ಗೂಡಿನಲ್ಲಿತ್ತು, ಗಾಳಿಯು ತೊಟ್ಟಿಯಿಂದ ಬರುತ್ತಿತ್ತು. ೧೮೯೬ರಲ್ಲಿ ಹೆಸರಘಟ್ಟದ ಕೆರೆಯ ನೀರು ಕೊಳವೆಗಳಲ್ಲಿ ಬೆಂಗಳೂರಿಗೆ ಬಂದಿತು. ೧೯೦೨ರಲ್ಲಿ ಶಿವನಸಮುದ್ರದ ಜಲಪಾತದಿಂದ ವಿದ್ಯುಚ್ಛಕ್ತಿಯು ಸುಮಾರು ೯೦ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಹೊರಗಿದ್ದ ನೀರೂ ಬೆಂಕಿಯೂ ಹೀಗೆ ಮನೆಯ ಗೋಡೆಯೊಳಕ್ಕೆ ಬಂದುವು. ಅವು ಒಳಗೆ ಬಂದ ಮೇಲೆ ಅವುಗಳನ್ನು ಅಂಕೆಯಲ್ಲಿಡುವ ವಿದ್ಯೆಯೂ ಅವಶ್ಯವಾಯಿತು.

ಈ ವಿದ್ಯೆಯ ಮೊದಲನೆಯ ಪಾಠವು ಎಣಿಕೆ. ಕಟ್ಟಡದಲ್ಲಿ ಯಾರು ಇರುವರು, ಎಷ್ಟು ಮಂದಿ, ಎಷ್ಟು ಹೊತ್ತು, ಏನು ಮಾಡುವರು ಎಂಬುದನ್ನು ಮೊದಲು ಕೇಳಬೇಕು. ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಪ್ರಮಾಣಗಳ ಪ್ರಕಾರ, ದಿನದ ಶಾಲೆಯ ವಿದ್ಯಾರ್ಥಿಗೆ ದಿನವೊಂದಕ್ಕೆ ೪೫ ಲೀಟರು ನೀರು ಬೇಕು. ಅದೇ ವಿದ್ಯಾರ್ಥಿಯು ಬೋರ್ಡಿಂಗಿನಲ್ಲಿದ್ದರೆ ೧೩೫ ಲೀಟರು. ನೂರಕ್ಕೆ ಮೀರಿದ ಹಾಸಿಗೆಗಳುಳ್ಳ ಆಸ್ಪತ್ರೆಯಲ್ಲಿ ಒಂದೊಂದು ಹಾಸಿಗೆಗೆ ೪೫೦ ಲೀಟರು. ಆದುದರಿಂದ ನೂರು ಹುಡುಗಿಯರ ಬೋರ್ಡಿಂಗಿಗೆ ದಿನಕ್ಕೆ ೧೩,೫೦೦ ಲೀಟರು ನೀರು ಬೇಕಾಗುವುದು. ಒಂದು ಲೀಟರು ನೀರು ಒಂದು ಕಿಲೋಗ್ರಾಮು ತೂಗುವುದಷ್ಟೆ. ಅಷ್ಟನ್ನೂ ಮಾಳಿಗೆಯ ಮೇಲಿನ ತೊಟ್ಟಿಯಲ್ಲಿಟ್ಟರೆ, ತೊಟ್ಟಿಯ ತೂಕವಲ್ಲದೆ ಹದಿಮೂರೂವರೆ ಟನ್ನು ಭಾರವು ಕಂಬಗಳ ಮೇಲೆ ಬೀಳುವುದು. ಕಟ್ಟಡವು ಮುಗಿದ ಬಳಿಕ, "ಇನ್ನೊಂದು ತೊಟ್ಟಿ ಇಟ್ಟುಬಿಡೋಣ" ಎನ್ನುವವರು ಈ ಲೆಕ್ಕವನ್ನು ಮರೆಯಬಾರದು.

ಕೊಳವೆಗಳ ಗಾತ್ರಕ್ಕೂ ಎಣಿಕೆಯೇ ಆಧಾರ. ಹತ್ತು ನಲ್ಲಿಗಳಿದ್ದರೆ ಹತ್ತೂ ಒಂದೇ ಕ್ಷಣದಲ್ಲಿ ತೆರೆದಿರುವುದು ಅಪರೂಪ. ಅಮೆರಿಕದ ರಾಯ್ ಹಂಟರ್ ಎಂಬ ವಿದ್ವಾಂಸನು ೧೯೪೦ರಲ್ಲಿ, ಸಂಭವಗಣಿತವನ್ನು ಆಧರಿಸಿ ಒಂದು ಕ್ರಮವನ್ನು ಪ್ರಕಟಿಸಿದನು. ಪ್ರತಿಯೊಂದು ನಲ್ಲಿಗೂ ಪಾತ್ರೆಗೂ ಒಂದೊಂದು ಅಂಕವನ್ನು ಕೊಟ್ಟು, ಅಂಕಗಳ ಮೊತ್ತದಿಂದ ಒಂದೇ ಕಾಲದಲ್ಲಿ ಹರಿಯಬಹುದಾದ ನೀರನ್ನು ತಿಳಿಯುವುದೇ ಆ ಕ್ರಮ. ಇಂದಿಗೂ ಅದರ ಅಡಿಪಾಯದ ಮೇಲೆಯೇ ನಾವು ಲೆಕ್ಕ ಹಾಕುವೆವು. ಆದರೆ ಬೋರ್ಡಿಂಗಿನಲ್ಲಿ ಬೆಳಗಿನ ಗಂಟೆ ಹೊಡೆದೊಡನೆ ಎಷ್ಟು ನಲ್ಲಿಗಳು ಒಟ್ಟಿಗೆ ತೆರೆಯುವುವೆಂಬುದನ್ನು ಅಲ್ಲಿದ್ದವರೇ ಬಲ್ಲರು! ಸಂಭವಗಣಿತವು ಗಂಟೆಯ ಶಬ್ದವನ್ನು ಅರಿಯದು. ಇಂಥ ಕಡೆ ಪುಸ್ತಕದ ಅಂಕವನ್ನು ಬಿಟ್ಟು, ಎಲ್ಲಾ ನಲ್ಲಿಗಳೂ ಹರಿಯುವುವೆಂದೇ ಎಣಿಸಬೇಕು. ಹಾಗೆ ಎಣಿಸದ ಕಟ್ಟಡದಲ್ಲಿ ಕೆಳಗಿನ ಅಂತಸ್ತಿನವರು ಮೀಯುವಾಗ ಮೇಲಿನ ಅಂತಸ್ತಿನವರು ಸಾಬೂನು ಹಚ್ಚಿಕೊಂಡು ಕಾದಿರಬೇಕಾಗುವುದು.

ಎತ್ತರದ ಕಟ್ಟಡಗಳಲ್ಲಿ ಕಷ್ಟವು ಬೇರೆ ವಿಧವಾದುದು. ನೀರಿನ ಮಟ್ಟವು ೧೦ ಮೀಟರು ಎತ್ತರದಲ್ಲಿದ್ದರೆ ಕೆಳಗಿನ ನಲ್ಲಿಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಮು ಒತ್ತಡವುಂಟಾಗುವುದು. ೧೦೦ ಮೀಟರು ಎತ್ತರದ ಕಟ್ಟಡದ ಮೇಲೆ ತೊಟ್ಟಿಯನ್ನಿಟ್ಟರೆ ನೆಲದ ಅಂತಸ್ತಿನಲ್ಲಿ ಇದರ ಹತ್ತು ಪಾಲು ಒತ್ತಡವಾಗಿ, ನಲ್ಲಿಗಳು ಸೋರಿ, ಸಂದುಗಳು ಬಿರಿಯುವುವು. ತೊಟ್ಟಿಯ ಸಮೀಪದಲ್ಲಿರುವ ಮೇಲಿನ ಅಂತಸ್ತಿನಲ್ಲಾದರೋ ನೀರು ನೂಲಿನಂತೆ ಇಳಿಯುವುದು. ಆದಕಾರಣ ಅಂಥ ಕಟ್ಟಡವನ್ನು ಹಲವು ವಲಯಗಳಾಗಿ ವಿಭಾಗಿಸಿ, ನಡುನಡುವೆ ತೊಟ್ಟಿಗಳನ್ನಾಗಲಿ ಒತ್ತಡವನ್ನು ತಗ್ಗಿಸುವ ಕವಾಟಗಳನ್ನಾಗಲಿ ಇಡಬೇಕು. ಮೇಲಿನ ಅಂತಸ್ತುಗಳಿಗೆ ಬೇರೊಂದು ಪಂಪನ್ನು ಒದಗಿಸಬೇಕು.

ಶುದ್ಧವಾದ ನೀರು ಒತ್ತಡದಿಂದ ಹರಿಯುವುದು; ಕೊಳಕಾದ ನೀರು ಇಳಿಜಾರಿನಿಂದ ಹರಿಯುವುದು. ಇಳಿಜಾರು ಕಡಿಮೆಯಾದರೆ ಕಲ್ಮಷವು ಕೊಳವೆಯಲ್ಲಿ ಕೂತುಬಿಡುವುದು. ನಾಲ್ಕಂಗುಲದ ಕೊಳವೆಗೆ ೪೦ ಅಡಿಗೆ ಒಂದಡಿ, ಆರಂಗುಲದ ಕೊಳವೆಗೆ ೬೦ ಅಡಿಗೆ ಒಂದಡಿ ಇಳಿಸಬೇಕೆಂಬುದು ಹಿಂದಿನವರ ಸೂತ್ರ. ಇದು ಬಾಯಿಪಾಠ ಮಾಡುವುದಕ್ಕೆ ಸುಲಭ, ನಡೆಸುವುದು ಕಷ್ಟ. ಶೌಚಗೃಹವು ಇಳಿಗೊಳವೆಯಿಂದ ೨೦ ಅಡಿ ದೂರವಿದ್ದರೆ ನಾಲ್ಕಂಗುಲದ ಕೊಳವೆಯು ಆರಂಗುಲ ಇಳಿಯಬೇಕು. ಕೊಳವೆಯ ಗಾತ್ರವನ್ನೂ ಸೇರಿಸಿದರೆ ತಾರಸಿಯ ಕೆಳಗೆ ಹತ್ತಂಗುಲ ಸ್ಥಳ ಬೇಕು. ಆ ದಾರಿಯಲ್ಲಿ ಒಂದು ತೊಲೆಯು ಅಡ್ಡವಾಗಿದ್ದರೆ?

ಈ ಪ್ರಶ್ನೆಯನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ತಪ್ಪಿನಿಂದ ಕಲಿತೆನು. ಉದ್ಯೋಗಕ್ಕೆ ಸೇರಿದ ಹೊಸತರಲ್ಲಿ ಒಂದು ಚಿಕ್ಕ ಆಸ್ಪತ್ರೆಗೆ ಕೊಳವೆಗಳ ನಕ್ಷೆಯನ್ನು ಬರೆದುಕೊಟ್ಟೆನು. ಕಂಬ ತೊಲೆಗಳ ನಕ್ಷೆಯು ನನ್ನ ಮೇಜಿನ ಮೇಲೆಯೇ ಇದ್ದಿತು. ಆದರೆ ಎರಡನ್ನೂ ಒಂದರ ಮೇಲೊಂದಿಟ್ಟು ನೋಡುವ ತಾಳ್ಮೆ ನನಗೆ ಇರಲಿಲ್ಲ. ಕೆಲಸವು ನಡೆದಾಗ ಕೊಳವೆಯು ನೆಟ್ಟಗೆ ತೊಲೆಯ ತಳಭಾಗಕ್ಕೆ ಬಂದು ನಿಂತಿತು. ನಕ್ಷೆಯಲ್ಲಿ ಹಾಗೆ ಬರೆದಿದೆಯೆಂದು ಕೂಲಿಯವರು ಉಳಿಯನ್ನು ಹಿಡಿದು ತೊಲೆಯನ್ನು ಕೊರೆಯಲು ಆರಂಭಿಸಿದರು. ಅಲ್ಲಿದ್ದ ವೃದ್ಧ ಮೇಸ್ತ್ರಿಯೊಬ್ಬನು ಅದನ್ನು ಕಂಡು ಕೆಲಸವನ್ನು ನಿಲ್ಲಿಸಿ, ನನಗೆ ಹೇಳಿಕಳುಹಿಸಿದನು. ನಾನು ಹೋಗಿ ನೋಡುವಾಗ ತೊಲೆಯ ಅಡಿಯ ಕಾಂಕ್ರೀಟು ಉದುರಿ, ಭಾರವನ್ನು ಹೊರುವ ಕಂಬಿಗಳು ಕಾಣುತ್ತಿದ್ದುವು. ಇನ್ನು ಅರ್ಧ ಗಂಟೆ ಕಳೆದಿದ್ದರೆ ಕಂಬಿಯನ್ನೇ ಕಡಿಯುತ್ತಿದ್ದರು. ಆ ತೊಲೆಯ ಮೇಲೆ ಬರಬೇಕಾಗಿದ್ದುದು ಬಾಣಂತಿಯರ ಕೋಣೆ. "ಅಮ್ಮಾ, ಕಾಗದದ ಮೇಲೆ ತೊಲೆಗೆ ನೋವಾಗುವುದಿಲ್ಲ" ಎಂದು ಆ ಮೇಸ್ತ್ರಿಯು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ತೊಲೆಯನ್ನು ಸರಿಪಡಿಸಿದರು, ಶೌಚಗೃಹವನ್ನು ಇಳಿಗೊಳವೆಯ ಹತ್ತಿರಕ್ಕೆ ಸರಿಸಿದೆವು. ಅಂದಿನಿಂದ ಎಲ್ಲಾ ನಕ್ಷೆಗಳನ್ನೂ ಒಂದರ ಮೇಲೊಂದಿಟ್ಟು ನೋಡದೆ ನಾನು ಯಾವುದಕ್ಕೂ ಸಹಿ ಹಾಕಿದವಳಲ್ಲ. ಈಗ ಗಣಕಯಂತ್ರವು ಈ ಕೆಲಸವನ್ನು ಕ್ಷಣಾರ್ಧದಲ್ಲಿ ಮಾಡಿ, ಎಲ್ಲಿ ಕೊಳವೆಯು ತೊಲೆಗೆ ತಾಕುವುದೋ ಅಲ್ಲಿ ಕೆಂಪು ಗುರುತನ್ನು ತೋರಿಸುವುದು. ಆದರೆ ಕೆಂಪು ಗುರುತನ್ನು ಕಂಡು ನಿಲ್ಲುವ ಮನಸ್ಸು ಮನುಷ್ಯನಿಗೇ ಇರಬೇಕು.

ಇನ್ನು ವಿದ್ಯುಚ್ಛಕ್ತಿಯ ವಿಚಾರ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಒತ್ತಡವು ೨೩೦ ವೋಲ್ಟು. ೨೦೦೦ ವಾಟಿನ ನೀರು ಕಾಯಿಸುವ ಯಂತ್ರವು ಇದರಿಂದ ಸುಮಾರು ಒಂಬತ್ತು ಆಂಪಿಯರು ಪ್ರವಾಹವನ್ನು ಎಳೆಯುವುದು. ದೀಪಕ್ಕೆಂದು ಹಾಕಿದ ಸಣ್ಣ ತಂತಿಗೆ ಇಂಥ ಯಂತ್ರವನ್ನು ಸೇರಿಸಿದರೆ ತಂತಿಯು ಗೋಡೆಯೊಳಗೆ ಮೆಲ್ಲಮೆಲ್ಲನೆ ಕಾಯುತ್ತಾ ಹೋಗಿ, ಅದರ ಹೊದಿಕೆಯು ಕರಗಿ, ಕಡೆಗೆ ಬೆಂಕಿಗೆ ಕಾರಣವಾಗುವುದು. ಆದುದರಿಂದ ಇಂಥ ಯಂತ್ರಗಳಿಗೆ ದಪ್ಪ ತಂತಿಯ ಪ್ರತ್ಯೇಕ ದಾರಿಯೂ ೧೬ ಆಂಪಿಯರಿನ ಸಾಕೆಟ್ಟೂ ಇರಬೇಕು.

ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಮೇಲಿನ ಕಡ್ಡಿಯು ಉಳಿದೆರಡಕ್ಕಿಂತ ಉದ್ದವಾಗಿರುವುದನ್ನು ಎಲ್ಲರೂ ನೋಡಿರಬಹುದು. ಅದು ಭೂಮಿಗೆ ಸೇರುವ ಕಡ್ಡಿ. ವಿದ್ಯುತ್ತು ಬರುವುದಕ್ಕೆ ಮುಂಚೆ ರಕ್ಷಣೆಯು ಸೇರಿಕೊಳ್ಳಲಿ, ವಿದ್ಯುತ್ತು ಹೋದ ಮೇಲೆ ರಕ್ಷಣೆಯು ಬಿಡಲಿ ಎಂಬುದೇ ಈ ಉದ್ದದ ಅರ್ಥ. ಯಂತ್ರದ ಒಳಗೆ ತಂತಿಯು ಸವೆದು ಲೋಹದ ಮೈಗೆ ತಗಲಿದರೆ, ಪ್ರವಾಹವು ಮುಟ್ಟಿದವರ ಶರೀರದ ಮೂಲಕ ಹೋಗದೆ ಈ ದಾರಿಯಿಂದ ಭೂಮಿಗೆ ಹೋಗುವುದು. ಮೂರನೆಯ ಕಡ್ಡಿಯನ್ನು ಮುರಿದು ಎರಡು ರಂಧ್ರಗಳಿಗೆ ಸಿಕ್ಕಿಸುವವರು ತಮ್ಮ ಮಕ್ಕಳ ಪ್ರಾಣರಕ್ಷಕನನ್ನೇ ಮುರಿದಂತಾಯಿತು.

ಮತ್ತೊಂದು ಮಾತು. ಫ್ಯೂಸು ಇದೆಯಲ್ಲಾ ಎಂದು ಧೈರ್ಯದಿಂದಿರಬಾರದು. ಫ್ಯೂಸು ತಂತಿಯನ್ನು ಕಾಯುವುದು, ಮನುಷ್ಯನನ್ನು ಕಾಯದು. ಆಂಪಿಯರಿನ ಹತ್ತನೆಯ ಒಂದು ಭಾಗದಷ್ಟು ಪ್ರವಾಹವು ಹೃದಯದ ಬಡಿತವನ್ನು ಕೆಡಿಸಿ ಕೊಲ್ಲಬಲ್ಲುದು. ೧೬ ಆಂಪಿಯರಿನ ಫ್ಯೂಸಿಗೆ ಅದು ಗೊತ್ತೇ ಆಗುವುದಿಲ್ಲ. ಇದಕ್ಕಾಗಿ ಆರ್‌ಸಿಸಿಬಿ ಎಂಬ ಸಾಧನವುಂಟು. ಅದು ಹೋದ ಪ್ರವಾಹವೂ ಹಿಂದಿರುಗಿದ ಪ್ರವಾಹವೂ ಸಮನಾಗಿವೆಯೇ ಎಂದು ಸದಾ ತೂಗಿ ನೋಡುತ್ತಿರುವುದು. ೩೦ ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಕಂಡರೂ ಎಲ್ಲಿಯೋ ಸೋರುತ್ತಿದೆಯೆಂದು ತಿಳಿದು, ಕಣ್ಣು ಮಿಟುಕಿಸುವಷ್ಟರಲ್ಲಿ ವಿದ್ಯುತ್ತನ್ನು ಕಡಿದುಹಾಕುವುದು. ಇದು ಮನೆಯಲ್ಲಿ ತಪ್ಪದೆ ಇರಬೇಕು. ಆಸ್ಪತ್ರೆಗಳಲ್ಲಾದರೋ ವಿದ್ಯುತ್ತು ಹೋಗುವುದೇ ಅಪಾಯ. ಜನರೇಟರು ಹೊರಟು ಭಾರವನ್ನು ವಹಿಸಿಕೊಳ್ಳುವುದಕ್ಕೆ ಕೆಲವು ಕ್ಷಣಗಳು ಬೇಕು. ಶಸ್ತ್ರವೈದ್ಯರ ಕೈಯಲ್ಲಿರುವ ರೋಗಿಗೆ ಆ ಕ್ಷಣಗಳೂ ದೀರ್ಘವಾದುದರಿಂದ, ಅಷ್ಟು ಹೊತ್ತು ದೀಪವನ್ನೂ ಯಂತ್ರಗಳನ್ನೂ ನಡೆಸಲು ಬ್ಯಾಟರಿಗಳನ್ನು ಇಟ್ಟಿರುವರು.

ಮೂರನೆಯದು ಗಾಳಿ. ಹವಾನಿಯಂತ್ರಣವು ಮನುಷ್ಯರ ಸುಖಕ್ಕಾಗಿ ಹುಟ್ಟಿದ್ದೆಂದು ನಾವು ತಿಳಿದಿರುವೆವು. ವಾಸ್ತವದಲ್ಲಿ ಅದು ಕಾಗದಕ್ಕಾಗಿ ಹುಟ್ಟಿತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬಣ್ಣದ ಚಿತ್ರಗಳನ್ನು ಅಚ್ಚುಹಾಕುವ ಒಂದು ಮುದ್ರಣಾಲಯದಲ್ಲಿ, ಗಾಳಿಯ ತೇವದಿಂದ ಕಾಗದವು ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಮತ್ತೊಂದು ಬಣ್ಣವು ಸರಿಯಾಗಿ ಕೂಡುತ್ತಿರಲಿಲ್ಲ. ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರನು ೧೯೦೨ರಲ್ಲಿ ಗಾಳಿಯ ತೇವವನ್ನು ಹತೋಟಿಯಲ್ಲಿಡುವ ಏರ್ಪಾಡನ್ನು ಅದಕ್ಕಾಗಿ ರಚಿಸಿದನು. ಇಲ್ಲಿಯೂ ಎಣಿಕೆಯೇ ಮುಖ್ಯ. ಸುಮ್ಮನೆ ಕುಳಿತಿರುವ ಒಬ್ಬ ಮನುಷ್ಯನು ಸುಮಾರು ನೂರು ವಾಟಿನ ಉಷ್ಣವನ್ನು ಹೊರಬಿಡುವನು. ೫೦೦ ಮಂದಿ ಕೂಡಿದ ಸಭಾಮಂದಿರವು, ನೂರು ವಾಟಿನ ೫೦೦ ಹಳೆಯ ಬಲ್ಬುಗಳು ಉರಿಯುವ ಕೋಣೆಗೆ ಸಮಾನ. ಇಂಥ ಕಡೆ ಯಂತ್ರಕ್ಕಿಂತ ಮೊದಲು ಎತ್ತರವಾದ ಮಾಳಿಗೆ, ಎದುರುಬದುರು ಕಿಟಕಿ, ಬಿಸಿಗಾಳಿ ಹೊರಬೀಳುವುದಕ್ಕೆ ಮೇಲ್ಗಡೆ ಗವಾಕ್ಷ ಇವುಗಳನ್ನು ಯೋಚಿಸುವುದು ಒಳ್ಳೆಯದು. ನಮ್ಮ ಹಿರಿಯರು ಕಟ್ಟಿಸಿದ ಶಾಲೆಗಳಲ್ಲಿ ಇವು ಮೂರೂ ಇದ್ದುವು.

ಆಸ್ಪತ್ರೆಯಲ್ಲಿ ಗಾಳಿಗೆ ದಿಕ್ಕೂ ಮುಖ್ಯ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಗಾಳಿಯನ್ನು ಶೋಧಿಸಿ, ಗಂಟೆಗೆ ಇಪ್ಪತ್ತು ಬಾರಿ ಬದಲಾಯಿಸಿ, ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಹೆಚ್ಚಾಗಿ ಇಡುವರು. ಬಾಗಿಲು ತೆರೆದರೆ ಗಾಳಿಯು ಹೊರಕ್ಕೆ ಹೋಗುವುದಲ್ಲದೆ ಹೊರಗಿನ ಧೂಳು ಒಳಕ್ಕೆ ಬಾರದು. ಕ್ಷಯವೇ ಮೊದಲಾದ ಗಾಳಿಯಿಂದ ಹರಡುವ ರೋಗವುಳ್ಳವರ ಕೋಣೆಯಲ್ಲಿ ಇದಕ್ಕೆ ವಿರುದ್ಧವಾಗಿ ಒಳಗಿನ ಒತ್ತಡವನ್ನು ಕಡಿಮೆ ಮಾಡುವರು. ಅಲ್ಲಿಯ ಗಾಳಿಯು ಮೊಗಸಾಲೆಗೆ ಬರಬಾರದು. ಎರಡು ಕೋಣೆಗಳಲ್ಲಿಯೂ ಪಂಕವು ಒಂದೇ, ಕೊಳವೆಯು ಒಂದೇ. ಒಂದು ರೋಗಿಯನ್ನು ಲೋಕದಿಂದ ಕಾಪಾಡುವುದು, ಮತ್ತೊಂದು ಲೋಕವನ್ನು ರೋಗದಿಂದ ಕಾಪಾಡುವುದು. ನಕ್ಷೆಯಲ್ಲಿ ಒಂದು ಬಾಣದ ಗುರುತು ತಲೆಕೆಳಗಾದರೆ ಆಗುವ ಅನರ್ಥವನ್ನು ಓದುವವರೇ ಊಹಿಸಿಕೊಳ್ಳಲಿ.

ಗಾಳಿ ಹೋಗುವ ದಾರಿಯಲ್ಲಿಯೇ ಹೊಗೆಯೂ ಹೋಗಬಲ್ಲುದು. ೧೯೯೭ರ ಜೂನ್ ೧೩ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ಕೆಳಗಿನ ಅಂತಸ್ತಿನಲ್ಲಿದ್ದ ಟ್ರಾನ್ಸ್‌ಫಾರ್ಮರಿನಿಂದ ಬೆಂಕಿ ಎದ್ದಿತು. ಹೊಗೆಯು ಮೇಲಿನ ಪ್ರೇಕ್ಷಕರ ಅಂಕಣಕ್ಕೆ ಏರಿ, ೫೯ ಮಂದಿ ಪ್ರಾಣವನ್ನು ನೀಗಿದರು. ಅವರಲ್ಲಿ ಬಹುಮಂದಿಯನ್ನು ಕೊಂದುದು ಉರಿಯಲ್ಲ, ಹೊಗೆ. ಆದುದರಿಂದ ಕೊಳವೆ ತಂತಿಗಳು ಒಂದು ಅಂತಸ್ತಿನಿಂದ ಮತ್ತೊಂದಕ್ಕೆ ಹಾಯುವ ರಂಧ್ರಗಳನ್ನು ಬೆಂಕಿಗೆ ಆರದ ವಸ್ತುವಿನಿಂದ ಮುಚ್ಚಬೇಕು; ಗಾಳಿಯ ದಾರಿಗಳಲ್ಲಿ ಬಿಸಿ ತಗಲಿದೊಡನೆ ತಾನಾಗಿ ಮುಚ್ಚಿಕೊಳ್ಳುವ ತಡೆಬಾಗಿಲುಗಳಿರಬೇಕು; ಹೊರಕ್ಕೆ ಹೋಗುವ ದಾರಿಯಲ್ಲಿ ಕುರ್ಚಿ ಬೆಂಚುಗಳನ್ನಾಗಲಿ ಬೀಗವನ್ನಾಗಲಿ ಇಡಬಾರದು.

ಕಡೆಯದಾಗಿ, ಹೆಣ್ಣುಮಕ್ಕಳ ಶಾಲೆಗೆ ವಿಶೇಷವಾಗಿ ಸಂಬಂಧಪಟ್ಟ ಒಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ದಿನದ ಶಾಲೆಗಳಲ್ಲಿ ಹುಡುಗರಿಗೆ ನಲವತ್ತು ಮಂದಿಗೆ ಒಂದು ಶೌಚಗೃಹವಾದರೆ, ಹುಡುಗಿಯರಿಗೆ ಇಪ್ಪತ್ತೈದು ಮಂದಿಗೆ ಒಂದು ಇರಬೇಕೆಂದು ನಮ್ಮ ದೇಶದ ಪ್ರಮಾಣಗ್ರಂಥವು ವಿಧಿಸಿರುತ್ತದೆ. ಬೋರ್ಡಿಂಗಿನಲ್ಲಿ ಆರು ಮಂದಿ ಹುಡುಗಿಯರಿಗೆ ಒಂದು. ಸಂಖ್ಯೆಯು ಸರಿಯಾಗಿದ್ದರೂ ನಲ್ಲಿಯಲ್ಲಿ ನೀರಿಲ್ಲದಿದ್ದರೆ, ಬಾಗಿಲಿಗೆ ಅಗುಳಿಯಿಲ್ಲದಿದ್ದರೆ, ಕೆಟ್ಟ ಬಟ್ಟೆಯನ್ನು ಹಾಕುವುದಕ್ಕೆ ಮುಚ್ಚಿದ ಡಬ್ಬಿಯಿಲ್ಲದಿದ್ದರೆ, ಆ ಶೌಚಗೃಹವು ಇದ್ದೂ ಇಲ್ಲದಂತೆಯೇ. ಹಗಲೆಲ್ಲಾ ನೀರು ಕುಡಿಯದೆ ಪಾಠಕ್ಕೆ ಕುಳಿತ ಹುಡುಗಿಯರನ್ನು ನಾನು ಬಲ್ಲೆನು. ತಿಂಗಳಲ್ಲಿ ನಾಲ್ಕು ದಿನ ಶಾಲೆಯನ್ನು ತಪ್ಪಿಸಿಕೊಂಡು, ಕಡೆಗೆ ಬಿಟ್ಟೇಬಿಟ್ಟವರನ್ನೂ ಬಲ್ಲೆನು. ಅವರ ವಿದ್ಯೆಗೆ ಅಡ್ಡಿಯಾದುದು ಬುದ್ಧಿಯ ಕೊರತೆಯಲ್ಲ, ಒಂದು ಅರ್ಧ ಅಂಗುಲದ ಕೊಳವೆಯ ಕೊರತೆ.

ಆದಕಾರಣ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಂದೆತಾಯಿಗಳಲ್ಲಿಯೂ ನನ್ನ ವಿಜ್ಞಾಪನೆಯೇನೆಂದರೆ: ನೀವು ಮನೆ ಕಟ್ಟಿಸುವಾಗಲಾಗಲಿ, ಶಾಲೆಯ ಹೊಸ ಕಟ್ಟಡಕ್ಕೆ ಸಹಾಯಧನ ಕೊಡುವಾಗಲಾಗಲಿ, ಮುಂಬಾಗಿಲಿನ ಚಿತ್ರವನ್ನು ನೋಡಿ ತೃಪ್ತರಾಗಬೇಡಿರಿ. ನೀರು ಎಲ್ಲಿಂದ ಬರುವುದು, ಕೊಳಕು ಎಲ್ಲಿಗೆ ಹೋಗುವುದು, ಭೂಮಿಗೆ ಸೇರುವ ತಂತಿಯು ಎಲ್ಲಿ ಹುಗಿಯಲ್ಪಡುವುದು, ಬೆಂಕಿಯಾದರೆ ಮಕ್ಕಳು ಯಾವ ದಾರಿಯಿಂದ ಹೊರಬೀಳುವರು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ತಾರಸಿಯನ್ನು ಹಾಕುವುದಕ್ಕೆ ಮುಂಚೆ ಕೇಳಿರಿ. ಹಾಕಿದ ಮೇಲೆ ಕೇಳಿದರೆ ಉತ್ತರವು ಉಳಿಯಿಂದಲೇ ಬರುವುದು. ನಿಮ್ಮ ಮಗಳು ಗಣಿತದಲ್ಲಿ ಚುರುಕಾಗಿದ್ದು, ಮನೆಯ ಕೆಟ್ಟ ನಲ್ಲಿಯನ್ನು ಬಿಚ್ಚಿ ನೋಡುವ ಕುತೂಹಲವುಳ್ಳವಳಾಗಿದ್ದರೆ, ಕೈ ಕೊಳೆಯಾಗುವುದೆಂದು ಗದರಿಸಬೇಡಿರಿ. ಈ ಉದ್ಯೋಗಕ್ಕೆ ಅಂಥವರು ಬೇಕಾಗಿದ್ದಾರೆ.

ಇಷ್ಟೆಲ್ಲಾ ಮಾಡಲಾಗದಿದ್ದರೂ ಎರಡು ಚಿಕ್ಕ ಕೆಲಸಗಳನ್ನು ಎಲ್ಲರೂ ಮಾಡಬಹುದು. ಆರ್‌ಸಿಸಿಬಿಯ ಮೇಲೆ ಪರೀಕ್ಷೆಯ ಗುಂಡಿಯೊಂದಿರುವುದು. ತಿಂಗಳಿಗೊಮ್ಮೆ ಅದನ್ನು ಒತ್ತಿ, ವಿದ್ಯುತ್ತು ಕಡಿಯುವುದೋ ಇಲ್ಲವೋ ನೋಡಿರಿ. ಬಹುದಿನ ಉಪಯೋಗಿಸದ ಬಚ್ಚಲಿದ್ದರೆ, ಊರಿನಿಂದ ಹಿಂದಿರುಗಿದ ದಿನ ಎಲ್ಲಕ್ಕೂ ಮೊದಲು ಅದಕ್ಕೆ ಒಂದು ಬಿಂದಿಗೆ ನೀರು ಹೊಯ್ಯಿರಿ. ನಮ್ಮ ಮೇಟ್ರನ್ ಅಮ್ಮನವರಿಗೆ ಕಮಿಂಗ್ ಎಂಬವನ ಹೆಸರು ತಿಳಿದಿರಲಿಲ್ಲ. ಆದರೆ ನೂರು ಮಕ್ಕಳು ಮಲಗುವ ಕಟ್ಟಡದ ಬಾಗಿಲುಗಳಲ್ಲಿ ಯಾವುದನ್ನು ಮೊದಲು ಮುಚ್ಚಬೇಕೆಂಬುದು ಅವರಿಗೆ ತಿಳಿದಿತ್ತು.